ಫೀನಿಕ್ಸ್‌ಗೆ ಹೊಸದಾಗಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಸೊನೋರನ್ ಮರುಭೂಮಿಯ ನಡುವೆ ಫೀನಿಕ್ಸ್ ಇದೆ. ಅದಕ್ಕೆ ಅಂಟಿಕೊಂಡೇ ಚಾಂಡ್ಲರ್, ಗಿಲ್ಬರ್ಟ್, ಟೆಂಪಿ, ಮೇಸಾ, ಸ್ಕಾಟ್ಸ್‌ಡೇಲ್, ಪಿಯೋರಿಯಾ ಊರುಗಳಿವೆ. ಒಂದೂರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಎಲ್ಲವನ್ನೂ ಸೇರಿಸಿ ಇಲ್ಲಿನವರು ‘ವ್ಯಾಲಿ’ ಅನ್ನುತ್ತಾರೆ. ಇಂಟೆಲ್‌ನಂಥ ಚಿಪ್ ಕಂಪನಿಗಳ ಕೆಲಸಕ್ಕೆ, ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುವುದಕ್ಕೆ ಅಂತ ನಮ್ಮವರು ಬರುತ್ತಲೇ ಇರುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಾನು ತೀರ್ಥಹಳ್ಳಿ ಕಡೆಯವಳು, ಮಳೆಯಲ್ಲಿ ಬೆಳೆದವಳು. ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಯಾರಾದರೂ ಇವನ್ನೆಲ್ಲ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿ ಇಲ್ಲಿ ಬರೆದಿಟ್ಟಿದ್ದೇನೆ.

ಬಿಸಿಲು ನಿಜವಾಗಲೂ ಅಷ್ಟಿದೆಯಾ?

ಇದೆ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಫ್ಯಾರನ್‌ಹೀಟ್ ಲೆಕ್ಕದಲ್ಲೇ ಮಾತಾಡುತ್ತಾರೆ, ಹಾಗಾಗಿ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ. 100 ಅಂದರೆ ನಮ್ಮ ಲೆಕ್ಕದ 38 ಡಿಗ್ರಿ. 110 ಅಂದರೆ 43. 115 ಅಂದರೆ 46. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು ಈ ಮೂರರ ನಡುವೆಯೇ ಓಡಾಡುತ್ತಿರುತ್ತದೆ. 2023ರಲ್ಲಿ ಸತತ 31 ದಿನ 110 ಅಥವಾ ಅದಕ್ಕಿಂತ ಜಾಸ್ತಿ ಇತ್ತು. 2024ರಲ್ಲಿ ಸತತ 113 ದಿನ 100 ಮುಟ್ಟಿತು. ಊರಿನ ದಾಖಲೆ 1990ರ ಜೂನ್ 26ರದು. ಅವತ್ತು 122, ಅಂದರೆ 50 ಡಿಗ್ರಿ.

ಮಂಗಳೂರಿನ ಗೆಳತಿಯರು ‘ಸೆಕೆ ಹೇಗಿದೆ’ ಅಂತ ಕೇಳುತ್ತಾರೆ. ಇದು ಸೆಕೆಯಲ್ಲ, ಝಳ. ಸೆಕೆ ಮೈಗೆ ಅಂಟಿಕೊಳ್ಳುತ್ತದೆ, ಝಳ ಮುಖಕ್ಕೆ ಹೊಡೆಯುತ್ತದೆ. ಊರಲ್ಲಿ ಬಚ್ಚಲ ಒಲೆಯ ಬಾಯಿಗೆ ಮುಖ ಕೊಟ್ಟು ಬೆಂಕಿ ಊದಿದವರಿಗೆ ಅದು ಗೊತ್ತು. ಜುಲೈ ಮಧ್ಯಾಹ್ನ ಮನೆಯ ಬಾಗಿಲು ತೆಗೆದರೆ ಅದೇ ಬಿಸಿ. ಗಾಳಿ ಬೀಸಿದರೆ ತಂಪಾಗುವುದಿಲ್ಲ, ಇನ್ನೂ ಸುಡುತ್ತದೆ.

ನಾವು ರಾಯಚೂರು, ಕಲಬುರಗಿ ಕಡೆಯವರು. ಬಿಸಿಲು ನಮಗೆ ಹೊಸದಲ್ಲವಲ್ಲ?

ನನ್ನನ್ನು ಜಾಸ್ತಿ ಹೆದರಿಸುವ ಪ್ರಶ್ನೆ ಇದೇ. ‘ಬಿಸಿಲು ನೋಡಿದ್ದೇವೆ ಬಿಡಿ’ ಅನ್ನುವ ಧೈರ್ಯ ಇದೆಯಲ್ಲ, ಅದನ್ನು ದಯವಿಟ್ಟು ಊರಲ್ಲೇ ಬಿಟ್ಟು ಬನ್ನಿ.

ಕಲಬುರಗಿಯಲ್ಲಿ ಏಪ್ರಿಲ್, ಮೇ ಕಳೆದರೆ ಜೂನ್‌ಗೆ ಮೋಡ ಬರುತ್ತದೆ. ಇಲ್ಲಿ ಮೇ ತಿಂಗಳಲ್ಲಿ ಶುರುವಾದದ್ದು ಅಕ್ಟೋಬರ್‌ವರೆಗೂ ಬಿಡುವುದಿಲ್ಲ. ಅಲ್ಲಿ ದಪ್ಪ ಗೋಡೆಯ ಮನೆ, ಬೇವಿನ ಮರದ ನೆರಳು, ಮಧ್ಯಾಹ್ನ ಹೊರಗೆ ಹೋಗಬಾರದು ಅನ್ನುವ ಹಿರಿಯರು ಇರುತ್ತಾರೆ. ಇಲ್ಲಿ ಎಲ್ಲ ಕಡೆ ಡಾಂಬರು, ಕಾಂಕ್ರೀಟು. ಹಗಲೆಲ್ಲ ಕುಡಿದ ಬಿಸಿಯನ್ನು ಅವು ರಾತ್ರಿ ಹೊರಗೆ ಬಿಡುತ್ತವೆ. 2023ರ ಜುಲೈನಲ್ಲಿ ಸತತ 16 ದಿನ ರಾತ್ರಿಯ ಕನಿಷ್ಠ ತಾಪಮಾನವೇ 90ರ ಮೇಲಿತ್ತು, ಅಂದರೆ 32 ಡಿಗ್ರಿ. ಒಂದು ದಿನವಂತೂ 97ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿಗೆ ಸಂಬಂಧಪಟ್ಟು 645 ಜನ ತೀರಿಕೊಂಡರು. ಮರುವರ್ಷವೂ 600 ದಾಟಿತು. ಅದರಲ್ಲಿ ಮನೆಯಿಲ್ಲದೆ ಬೀದಿಯಲ್ಲಿದ್ದವರು ಬಹಳ. ಮನೆಯೊಳಗೇ, ಎಸಿ ಕೆಟ್ಟು ಹೋಗಿ ಸತ್ತವರೂ ಇದ್ದಾರೆ. ಹೆದರಿಸಲು ಹೇಳುತ್ತಿಲ್ಲ. ಇಲ್ಲಿ ಬಿಸಿಲು ಬರೀ ಹವಾಮಾನದ ಸುದ್ದಿಯಲ್ಲ, ದಿನಚರಿಯನ್ನೇ ಅದರ ಪ್ರಕಾರ ಹೊಂದಿಸಿಕೊಳ್ಳಬೇಕು.

ಒಣ ಬಿಸಿಲು ಅಲ್ವಾ? ಬೆವರೇ ಬರುವುದಿಲ್ಲವಂತೆ?

ಬರುತ್ತದೆ, ಕಾಣುವುದಿಲ್ಲ ಅಷ್ಟೇ. ಬಂದ ಬೆವರು ಚರ್ಮದ ಮೇಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ ನೀರು ಕುಡಿಯಬೇಕು ಅಂತ ನೆನಪೇ ಆಗುವುದಿಲ್ಲ. ಬಾಯಾರಿಕೆಗೆ ಕಾಯಬೇಡಿ, ಆಗಾಗ ಕುಡಿಯುತ್ತಿರಿ. ಬರೀ ನೀರು ಸಾಲದು, ಉಪ್ಪೂ ಬೇಕು. ನಮ್ಮಲ್ಲಿ ಅದಕ್ಕೆ ಮದ್ದು ಇದ್ದೇ ಇದೆಯಲ್ಲ! ಉಪ್ಪು ಹಾಕಿದ ನೀರು ಮಜ್ಜಿಗೆ, ನಿಂಬೆ ಪಾನಕ. ಬೇಸಿಗೆಯಲ್ಲಿ ನಮ್ಮ ಫ್ರಿಜ್ಜಿನಲ್ಲಿ ಮಜ್ಜಿಗೆ ಇಲ್ಲದ ದಿನವಿಲ್ಲ.

ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಮಕ್ಕಳಿಗೆ ಮೊದಲ ಕೆಲವು ವಾರ ಮೂಗಿನಲ್ಲಿ ರಕ್ತ ಬರಬಹುದು. ಕೊಬ್ಬರಿ ಎಣ್ಣೆ ಸಾಕಷ್ಟು ಇಟ್ಟುಕೊಳ್ಳಿ.

ತಲೆನೋವು, ವಾಕರಿಕೆ, ಕಾಲಲ್ಲಿ ಸೆಡೆತ ಬಂದರೆ ಕೂಡಲೇ ತಂಪಾದ ಜಾಗಕ್ಕೆ ಹೋಗಿ. ಯಾರಾದರೂ ತಡಬಡಾಯಿಸಿ ಮಾತಾಡಿದರೆ, ಗೊಂದಲಕ್ಕೊಳಗಾದರೆ, ಪ್ರಜ್ಞೆ ತಪ್ಪಿದರೆ ಯೋಚಿಸುತ್ತಾ ಕೂರಬೇಡಿ. 911ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈಗೆ ತಣ್ಣೀರು ಹಾಕುತ್ತಿರಿ.

ಹಾಗಾದರೆ ಜನ ಹೊರಗೆ ಹೋಗುವುದು ಯಾವಾಗ?

ನಸುಕಿನಲ್ಲಿ. ಜೂನ್‌ನಲ್ಲಿ ಇಲ್ಲಿ ಬೆಳಗ್ಗೆ 5.20ರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಅಷ್ಟು ಹೊತ್ತಿಗಾಗಲೇ ಪಾರ್ಕಿನಲ್ಲಿ ನಡೆಯುವವರು, ಓಡುವವರು, ನಾಯಿ ಕರೆದುಕೊಂಡು ಬಂದವರು ತುಂಬಿರುತ್ತಾರೆ. ನಾನು ಊರಲ್ಲಿ ಏಳು ಗಂಟೆಗೆ ಮುಂಚೆ ಎದ್ದವಳೇ ಅಲ್ಲ, ಇಲ್ಲಿ ಐದಕ್ಕೆ ಚಪ್ಪಲಿ ಹಾಕಿಕೊಂಡು ಹೊರಟಿರುತ್ತೇನೆ. ಎಂಟಕ್ಕೆ ಬೀದಿಯಲ್ಲಿ ಒಬ್ಬರೂ ಇರುವುದಿಲ್ಲ. ಆಮೇಲೆ ಮನೆ, ಆಫೀಸು, ಲೈಬ್ರರಿ, ಮಾಲ್. ಮತ್ತೆ ಹೊರಗೆ ಬರುವುದು ಕತ್ತಲಾದ ಮೇಲೆ.

ಬರಿಗಾಲಲ್ಲಿ ಹೊರಗೆ ಹೆಜ್ಜೆ ಇಡಬೇಡಿ, ಒಂದೇ ನಿಮಿಷಕ್ಕೂ ಬೇಡ. ಡಾಂಬರು 160 ಫ್ಯಾರನ್‌ಹೀಟ್ ಮುಟ್ಟುತ್ತದೆ, ಅಂದರೆ 71 ಡಿಗ್ರಿ. ರಸ್ತೆಯಲ್ಲಿ ಬಿದ್ದವರಿಗೆ ಸುಟ್ಟಗಾಯವಾಗಿ ಆಸ್ಪತ್ರೆ ಸೇರುವುದು ಇಲ್ಲಿ ಪ್ರತಿ ಬೇಸಿಗೆಯ ಸುದ್ದಿ. ನಾಯಿ ಸಾಕಿದ್ದರೆ ಮೊದಲು ನಿಮ್ಮ ಕೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡಿ. ನಿಮಗೆ ತಡೆಯಲಾಗದಿದ್ದರೆ ಅದಕ್ಕೂ ಆಗುವುದಿಲ್ಲ.

ಕ್ಯಾಮೆಲ್‌ಬ್ಯಾಕ್, ಪಿಯೆಸ್ಟೆವಾ ಬೆಟ್ಟಗಳನ್ನು ಹತ್ತಬೇಕು ಅಂತ ಎಲ್ಲರಿಗೂ ಆಸೆ ಇರುತ್ತದೆ. ನವೆಂಬರ್‌ಗೆ ಕಾಯಿರಿ. ಬಿಸಿಲಿನ ಎಚ್ಚರಿಕೆ ಇರುವ ದಿನ ಬೆಳಗ್ಗೆಯಿಂದ ಸಂಜೆ 5ರವರೆಗೆ ಆ ದಾರಿಗಳನ್ನು ನಗರದವರೇ ಮುಚ್ಚುತ್ತಾರೆ.

ಬಾಡಿಗೆ ಮನೆ ನೋಡುವಾಗ ಏನು ಗಮನಿಸಬೇಕು?

ಮೊದಲು ಪಶ್ಚಿಮದ ಕಿಟಕಿ ಎಷ್ಟಿವೆ ಅಂತ ನೋಡಿ. ವಾಸ್ತು ಪ್ರಕಾರ ಪೂರ್ವದ ಬಾಗಿಲು ಹುಡುಕುವವರು ಇಲ್ಲೂ ಇದ್ದಾರೆ. ನನ್ನ ಪ್ರಕಾರ ಇಲ್ಲಿ ಪಶ್ಚಿಮಕ್ಕೆ ಕಿಟಕಿ ಇಲ್ಲದಿರುವುದೇ ದೊಡ್ಡ ವಾಸ್ತು. ನಮ್ಮ ಮೊದಲ ಅಪಾರ್ಟ್‌ಮೆಂಟಿನಲ್ಲಿ ಮಲಗುವ ಕೋಣೆಗೆ ಪಶ್ಚಿಮದ ದೊಡ್ಡ ಗಾಜು ಇತ್ತು. ಫೆಬ್ರವರಿಯಲ್ಲಿ ನೋಡಿ, ಎಷ್ಟು ಬೆಳಕು ಅಂತ ಖುಷಿಪಟ್ಟು ಸಹಿ ಹಾಕಿದೆವು. ಜೂನ್‌ನಲ್ಲಿ ಸಂಜೆ ಆರಕ್ಕೆ ಆ ಕೋಣೆಯ ಗೋಡೆ ಮುಟ್ಟಿದರೆ ಈಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯ ಹಾಗಿರುತ್ತಿತ್ತು. ಮಂಚವನ್ನು ಹಾಲ್‌ಗೆ ಎಳೆದುಕೊಂಡು ಬಂದೆವು.

ಆಮೇಲೆ ಎಸಿ. ಎಷ್ಟು ಹಳೆಯದು, ಕೊನೆಯ ಸಲ ರಿಪೇರಿ ಆಗಿದ್ದು ಯಾವಾಗ ಅಂತ ನಾಚಿಕೆ ಬಿಟ್ಟು ಕೇಳಿ. ಫೀನಿಕ್ಸ್ ನಗರದ ನಿಯಮದ ಪ್ರಕಾರ ಬಾಡಿಗೆ ಮನೆಯ ಎಸಿ ಮನೆಯನ್ನು 82 ಫ್ಯಾರನ್‌ಹೀಟ್‌ಗಾದರೂ ಇಳಿಸುವಂತಿರಬೇಕು. ಕೆಟ್ಟರೆ ಮನೆ ಮಾಲೀಕರಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಬರವಣಿಗೆಯಲ್ಲಿ ಕೊಡಿ. ಬೇಸಿಗೆಯಲ್ಲಿ ಫಿಲ್ಟರ್ ತಿಂಗಳಿಗೊಮ್ಮೆ ಬದಲಿಸಬೇಕು. ಇಲ್ಲಿನ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಚಿಕ್ಕ ಮಕ್ಕಳಿದ್ದು, ಮನೆಗೆ ಈಜುಕೊಳ ಇದ್ದರೆ, ಸುತ್ತ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಇರಲೇಬೇಕು. ಇದರಲ್ಲಿ ರಾಜಿ ಬೇಡ. ಇಲ್ಲಿ ಮನೆಮನೆಗೂ ಕೊಳ. ಮಕ್ಕಳು ನೀರಿಗೆ ಬೀಳುವಾಗ ಸದ್ದೇ ಆಗುವುದಿಲ್ಲ. ಸಾಧ್ಯವಾದಷ್ಟು ಬೇಗ ಈಜು ಕಲಿಸಿ. ನೀವೂ ಕಲಿಯಿರಿ. ನಾನು ಮಗಳ ಜೊತೆಗೇ ಕಲಿತೆ.

ಕರೆಂಟ್ ಬಿಲ್ ಎಷ್ಟು ಬರುತ್ತದೆ?

ಮನೆಯ ಅಳತೆ, ಹಳೆಯದಾ ಹೊಸದಾ, ಎಸಿ ಎಷ್ಟಕ್ಕೆ ಇಡುತ್ತೀರಿ ಅನ್ನುವುದರ ಮೇಲೆ. ಬೇಸಿಗೆಯ ಬಿಲ್ ಚಳಿಗಾಲದ್ದಕ್ಕಿಂತ ಎರಡು ಮೂರು ಪಟ್ಟು ಬಂದರೆ ಗಾಬರಿಯಾಗಬೇಡಿ. ವಿದ್ಯುತ್ ಕೊಡುವ ಎಸ್‌ಆರ್‌ಪಿ, ಎಪಿಎಸ್ ಎರಡರಲ್ಲೂ ಹೊತ್ತಿಗೊಂದು ದರದ ಪ್ಲಾನ್‌ಗಳಿವೆ. ದರ ಏರುವ ಹೊತ್ತಿಗೆ ಮುಂಚೆಯೇ ಮನೆಯನ್ನು ಚೆನ್ನಾಗಿ ತಂಪು ಮಾಡಿಟ್ಟುಕೊಂಡು, ಆ ಮೂರು ನಾಲ್ಕು ತಾಸು ಎಸಿ ಕಡಿಮೆ ಮಾಡಿ ಕೂರುವುದು ಇಲ್ಲಿನವರ ಅಭ್ಯಾಸ. ಬಟ್ಟೆ ಒಗೆಯುವ ಮೆಷಿನ್, ಓವನ್ ಎಲ್ಲ ರಾತ್ರಿಗೆ. ಆದರೆ ಬಿಲ್ ಉಳಿಸಲು ಹೋಗಿ ವಯಸ್ಸಾದವರನ್ನೂ ಮಗುವನ್ನೂ ಬಿಸಿಯಲ್ಲಿ ಕೂರಿಸಬೇಡಿ.

ಕಾರಿಗೆ ಏನಾದರೂ ಬೇರೆ ಕಾಳಜಿ ಬೇಕಾ?

ಬೇಕು. ಬೇರೆ ಕಡೆ ಐದು ವರ್ಷ ಬರುವ ಬ್ಯಾಟರಿ ಇಲ್ಲಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ. ಮುಂದಿನ ಗಾಜಿಗೆ ಅಡ್ಡ ಇಡುವ ಸನ್‌ಶೇಡ್ ಮೊದಲ ದಿನವೇ ಕೊಳ್ಳಿ. ಸೀಟ್ ಬೆಲ್ಟಿನ ಕಬ್ಬಿಣದ ತುದಿ ಕೈ ಸುಡುತ್ತದೆ, ಮಕ್ಕಳಿಗೆ ಹಾಕುವ ಮುಂಚೆ ನೀವು ಮುಟ್ಟಿ ನೋಡಿ. ಪಾರ್ಕಿಂಗ್‌ನಲ್ಲಿ ಅಂಗಡಿ ಬಾಗಿಲಿಗೆ ಹತ್ತಿರದ ಜಾಗ ಯಾರಿಗೂ ಬೇಡ, ಎಲ್ಲರೂ ಹುಡುಕುವುದು ಮರದ ನೆರಳು. ಸ್ಪ್ರೇ ಡಬ್ಬಿ, ಮಾತ್ರೆ, ಊರಿಂದ ಬಂದ ಮೈಸೂರು ಪಾಕು, ಯಾವುದನ್ನೂ ಕಾರಲ್ಲಿ ಬಿಡಬೇಡಿ. ಡಿಕ್ಕಿಯಲ್ಲಿ ಮಾತ್ರ ಒಂದು ಕೇಸ್ ನೀರು ಯಾವಾಗಲೂ ಇರಲಿ.

ಮಗುವನ್ನು ‘ಎರಡೇ ನಿಮಿಷ’ ಅಂತ ಕಾರಲ್ಲಿ ಬಿಟ್ಟು ಹೋಗುವುದು ಬೇಡವೇ ಬೇಡ. ಹಾಗೆ ಸಿಕ್ಕಿಕೊಂಡ ಮಗುವನ್ನೋ ನಾಯಿಯನ್ನೋ ನೋಡಿದರೆ, 911ಕ್ಕೆ ಹೇಳಿ, ಬಾಗಿಲು ಲಾಕ್ ಆಗಿದೆಯಾ ಅಂತ ಖಾತ್ರಿ ಮಾಡಿಕೊಂಡು, ಗಾಜು ಒಡೆದು ತೆಗೆಯಲು 2017ರಿಂದ ಇಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ಸಹಾಯ ಬರುವವರೆಗೆ ಅಲ್ಲೇ ಇರಬೇಕು.

ಹಬೂಬ್ ಅಂದರೇನು?

ಧೂಳಿನ ಗೋಡೆ. ಮಳೆಗಾಲದ ಗುಡುಗಿನ ಮೋಡ ಕುಸಿದಾಗ ಅದರಿಂದ ಕೆಳಗೆ ನುಗ್ಗುವ ತಣ್ಣನೆ ಗಾಳಿ ನೆಲದ ಮಣ್ಣನ್ನೆಲ್ಲ ಎಬ್ಬಿಸಿಕೊಂಡು ಬರುತ್ತದೆ. 2011ರ ಜುಲೈ 5ರಂದು ಬಂದದ್ದು ಸುಮಾರು 5,000 ಅಡಿ ಎತ್ತರ, 100 ಮೈಲಿ ಅಗಲ ಇತ್ತು.

ನಾನು ಮೊದಲ ಸಲ ಸಿಕ್ಕಿಕೊಂಡದ್ದು ಟೂಸಾನ್‌ನಿಂದ ವಾಪಸ್ ಬರುವ ಹೆದ್ದಾರಿಯಲ್ಲಿ. ದೂರದಲ್ಲಿ ಗುಡ್ಡದ ಸಾಲು ಕಂಡಿತು. ಈ ಕಡೆ ಗುಡ್ಡ ಇರಲಿಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ ಆ ಗುಡ್ಡ ನಮ್ಮ ಕಡೆಗೇ ಬರುತ್ತಿದೆ ಅಂತ ಗೊತ್ತಾಯಿತು. ಬೆಲ್ಲದ ಬಣ್ಣ. ಅದು ಮೇಲೆ ಬಿದ್ದ ಕ್ಷಣ ನಮ್ಮ ಕಾರಿನ ಬಾನೆಟ್ ಕೂಡ ಕಾಣಲಿಲ್ಲ. ಮರಳು ಗಾಜಿಗೆ ಬಡಿಯುವ ಸದ್ದು ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗಿತ್ತು. ನನ್ನ ಗಂಡ ಅಷ್ಟು ಹೊತ್ತಿಗಾಗಲೇ ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿದ್ದರಿಂದ ಬಚಾವಾದೆವು.

ನೀವೂ ಹಾಗೇ ಮಾಡಿ. ರಸ್ತೆಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಬಲಕ್ಕೆ ಇಳಿಸಿ. ಎಲ್ಲ ದೀಪ ಆರಿಸಿ, ಮಿನುಗುವ ಎಚ್ಚರಿಕೆ ದೀಪವನ್ನೂ ಸಹ. ಹ್ಯಾಂಡ್ ಬ್ರೇಕ್ ಹಾಕಿ, ಕಾಲನ್ನು ಬ್ರೇಕ್ ಮೇಲಿಂದ ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ. ಬೆಲ್ಟ್ ಹಾಕಿಕೊಂಡೇ ಕೂತಿರಿ. ಸ್ವಲ್ಪ ಹೊತ್ತಿಗೆ ದಾಟಿಹೋಗುತ್ತದೆ.

ಅದರ ಹಿಂದೆಯೇ ಮಳೆ ಬರಬಹುದು. ಒಣ ಹಳ್ಳಗಳನ್ನು ಇಲ್ಲಿ ‘ವಾಶ್’ ಅನ್ನುತ್ತಾರೆ. ವರ್ಷವಿಡೀ ಮರಳು ಬಿಟ್ಟರೆ ಏನೂ ಇರದ ಹಳ್ಳ ಹತ್ತು ನಿಮಿಷದಲ್ಲಿ ತುಂಬಿ ಹರಿಯುತ್ತದೆ. ಅಡ್ಡಗಟ್ಟೆ ಹಾಕಿದ ರಸ್ತೆಯಲ್ಲಿ ಕಾರು ನುಗ್ಗಿಸಿ ನೀರಿನ ನಡುವೆ ಸಿಕ್ಕಿಕೊಂಡರೆ, ಕಾಪಾಡಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಕಾನೂನು ಇದೆ. ಮಲೆನಾಡಿನವರಿಗೆ ಹಳ್ಳ ದಾಟುವ ಧೈರ್ಯ ಜಾಸ್ತಿ, ಅದಕ್ಕೇ ಹೇಳಿದೆ.

ಚೇಳು, ಹಾವು?

ಚೇಳು ಇದೆ. ಹುಲ್ಲಿನ ಬಣ್ಣದ, ಬೆರಳಿಗಿಂತ ಚಿಕ್ಕದಾದ ಬಾರ್ಕ್ ಸ್ಕಾರ್ಪಿಯನ್ ಗೋಡೆ ಹತ್ತುತ್ತದೆ, ಚಾವಣಿಗೂ ಹೋಗುತ್ತದೆ. ಕತ್ತಲಲ್ಲಿ ನೇರಳೆ ಬೆಳಕಿನ ಬ್ಲ್ಯಾಕ್‌ಲೈಟ್ ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಬೇಸಿಗೆಯ ರಾತ್ರಿ ನಮ್ಮ ಬೀದಿಯವರೆಲ್ಲ ಹಿತ್ತಲ ಗೋಡೆಗೆ ಆ ಟಾರ್ಚ್ ಬಿಟ್ಟುಕೊಂಡು ಓಡಾಡುವುದು ಕಾಣುತ್ತದೆ. ಶೂ ಕೊಡವಿಯೇ ಹಾಕಿಕೊಳ್ಳಿ. ಒದ್ದೆ ಟವೆಲ್ ನೆಲದ ಮೇಲೆ ಬಿಡಬೇಡಿ. ಬಾಗಿಲ ಕೆಳಗಿನ ಸಂದು ಮುಚ್ಚಿ.

ದೊಡ್ಡವರಿಗೆ ಕಚ್ಚಿದರೆ ನೋವು, ಜೋಮು ಇರುತ್ತದೆ. ಪುಟ್ಟ ಮಕ್ಕಳಿಗೆ ಕಚ್ಚಿದರೆ ಅಪಾಯ ಜಾಸ್ತಿ. ಕಣ್ಣು ಅತ್ತಿತ್ತ ಓಡುವುದು, ಜೊಲ್ಲು ಸುರಿಯುವುದು, ಕೈಕಾಲು ಅದುರುವುದು ಕಂಡರೆ ನೇರ ಆಸ್ಪತ್ರೆಗೆ. ವಿಷದ ಸಹಾಯವಾಣಿ 1-800-222-1222, ದಿನವಿಡೀ ಇರುತ್ತದೆ, ದುಡ್ಡಿಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿ.

ರ್‍ಯಾಟಲ್ ಹಾವು ಬೆಟ್ಟದ ದಾರಿಯಲ್ಲಿ, ಊರಿನ ಅಂಚಿನ ಮನೆಗಳಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಬಾಲ ಅಲ್ಲಾಡಿಸಿ ಎಚ್ಚರಿಸುತ್ತದೆ. ಹಿಂದೆ ಸರಿದರೆ ಅದೂ ಹೋಗುತ್ತದೆ.

ವ್ಯಾಲಿ ಫೀವರ್ ಅಂತ ಏನೋ ಇದೆಯಂತೆ?

ಇದನ್ನು ಬರುವ ಮುಂಚೆ ಯಾರೂ ಹೇಳುವುದಿಲ್ಲ. ಇಲ್ಲಿನ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಬರುವ ಕಾಯಿಲೆ ಅದು. ಅಮೆರಿಕದ ಪ್ರಕರಣಗಳಲ್ಲಿ ಬಹುಪಾಲು ಅರಿಜೋನಾದ್ದೇ. ಎಷ್ಟೋ ಜನರಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಕೆಮ್ಮು, ಜ್ವರ, ವಾರಗಟ್ಟಲೆ ಬಿಡದ ಸುಸ್ತು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ನನ್ನ ಗಂಡನಿಗೆ ಎರಡನೇ ವರ್ಷ ಬಂತು. ನ್ಯುಮೋನಿಯಾ ಅಂತ ಎರಡು ಸಲ ಆ್ಯಂಟಿಬಯಾಟಿಕ್ ಕೊಟ್ಟರು, ಕಡಿಮೆಯಾಗಲಿಲ್ಲ. ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದರು. ಕೊನೆಗೆ ಪಕ್ಕದ ಮನೆಯವರು ಹೇಳಿದ ಮೇಲೆ ನಾವೇ ಕೇಳಿ ರಕ್ತ ಪರೀಕ್ಷೆ ಮಾಡಿಸಿದೆವು. ಅದಕ್ಕೇ ಹೇಳುವುದು: ಎರಡು ವಾರಕ್ಕೂ ಕೆಮ್ಮು ಬಿಡದಿದ್ದರೆ ‘ವ್ಯಾಲಿ ಫೀವರ್ ಪರೀಕ್ಷೆ ಮಾಡುತ್ತೀರಾ’ ಅಂತ ಡಾಕ್ಟರನ್ನು ನೀವೇ ಕೇಳಿ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇನ್ನೂ ಜಾಗ್ರತೆ. ಊರಿಗೆ ರಜೆಗೆ ಹೋದಾಗ ಕಾಣಿಸಿಕೊಂಡರೆ, ಅರಿಜೋನಾದಿಂದ ಬಂದಿದ್ದೇನೆ ಅಂತ ಅಲ್ಲಿನ ಡಾಕ್ಟರಿಗೂ ಹೇಳಿ. ಅಲ್ಲಿ ಈ ಕಾಯಿಲೆ ಅವರ ಮನಸ್ಸಿಗೆ ಬರುವುದು ಕಷ್ಟ.

ಮರುಭೂಮಿಯಲ್ಲಿ ನೀರು ಎಲ್ಲಿಂದ? ಮುಗಿದುಹೋಗುವುದಿಲ್ಲವಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಯೂರೋಪಿನವರು ಬರುವುದಕ್ಕೆ ಎಷ್ಟೋ ಶತಮಾನ ಮುಂಚೆ ಹೊಹೊಕಮ್ ಜನ ಸಾಲ್ಟ್ ನದಿಯಿಂದ ಮೈಲಿಗಟ್ಟಲೆ ಕಾಲುವೆ ತೋಡಿ ಇಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆದಿದ್ದರು. ಈಗಿನ ಓಧಮ್ ಜನಾಂಗದವರು ಅವರನ್ನು ತಮ್ಮ ಹಿರಿಯರು ಅನ್ನುತ್ತಾರೆ. ಆ ಹಾಳು ಕಾಲುವೆಗಳ ಜಾಗದಲ್ಲೇ ಹೊಸ ಊರು ಎದ್ದಿತು. ಬೂದಿಯಿಂದ ಎದ್ದ ಹಕ್ಕಿಯ ಹೆಸರು ಅದಕ್ಕೆ ಬಂದದ್ದು ಹಾಗೆ.

ಸಾಲ್ಟ್ ನದಿಗೆ ಕಟ್ಟಿದ ರೂಸ್‌ವೆಲ್ಟ್ ಅಣೆಕಟ್ಟು 1911ರಲ್ಲಿ ಮುಗಿಯಿತು. ಅದೇ ವರ್ಷ ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿತ್ತು! ಆಮೇಲೆ ಕೊಲರಾಡೋ ನದಿಯ ನೀರನ್ನು 336 ಮೈಲಿ ಉದ್ದದ ಕಾಲುವೆಯಲ್ಲಿ ಬೆಟ್ಟ ಹತ್ತಿಸಿ ತಂದರು. ಈ ಎರಡು ನೀರು, ಜೊತೆಗೆ ಅಂತರ್ಜಲ. ಇಷ್ಟೇ ಊರಿನ ಬದುಕು.

ನಲ್ಲಿ ನಾಳೆ ನಿಲ್ಲುವುದಿಲ್ಲ. ಆದರೆ ಚಿಂತೆ ಸುಳ್ಳೂ ಅಲ್ಲ. ಕೊಲರಾಡೋ ನದಿಯಲ್ಲಿ ನೀರಿನ ಕೊರತೆ ಅಂತ ಮೊದಲ ಸಲ ಅಧಿಕೃತವಾಗಿ ಘೋಷಿಸಿದ್ದು 2021ರಲ್ಲಿ. ಪಕ್ಕದ ಪಿನಾಲ್ ಕೌಂಟಿಯ ರೈತರಿಗೆ ಅದರ ಪೆಟ್ಟು ಜೋರಾಗಿ ಬಿತ್ತು. ಬರೀ ಅಂತರ್ಜಲ ನಂಬಿಕೊಂಡ ಹೊಸ ಬಡಾವಣೆಗಳಿಗೆ ಒಪ್ಪಿಗೆ ಕೊಡುವುದನ್ನು ಫೀನಿಕ್ಸ್ ಸುತ್ತಮುತ್ತ 2023ರಲ್ಲಿ ನಿಲ್ಲಿಸಿದರು. ಮನೆ ಕೊಳ್ಳುವುದಾದರೆ ಆ ಬಡಾವಣೆಗೆ 100 ವರ್ಷದ ನೀರಿನ ಭರವಸೆ ಇದೆಯಾ, ನೀರು ಎಲ್ಲಿಂದ ಬರುತ್ತದೆ ಅಂತ ಕೇಳಲೇಬೇಕು.

ಫೀನಿಕ್ಸ್‌ನ ಹಳೆಯ ಬಡಾವಣೆಗಳಲ್ಲಿ ಇವತ್ತಿಗೂ ಪಾಳಿ ಪ್ರಕಾರ ಕಾಲುವೆ ನೀರನ್ನು ಮನೆಯಂಗಳಕ್ಕೆ ಬಿಡುತ್ತಾರೆ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿದ ಹಾಗೆ ಅಂಗಳ ತುಂಬಿ ನಿಂತಿರುತ್ತದೆ. ಮೊದಲ ಸಲ ಅದನ್ನು ನೋಡಿ ನಾನು ಕಾರು ನಿಲ್ಲಿಸಿ ಸುಮಾರು ಹೊತ್ತು ನಿಂತಿದ್ದೆ.

ನಲ್ಲಿ ನೀರು ಗಡಸು. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತದೆ.

ಅಡುಗೆಮನೆಯಲ್ಲಿ ಏನು ಬದಲಾಗುತ್ತದೆ?

ದೋಸೆ ಹಿಟ್ಟು ಎಸಿ ಇರುವ ಮನೆಯೊಳಗೆ ಬೆಂಗಳೂರಿನ ಹಾಗೇ ಹುದುಗಲು ರಾತ್ರಿಯಿಡೀ ತೆಗೆದುಕೊಳ್ಳುತ್ತದೆ. ಅವಸರ ಅಂತ ಗ್ಯಾರೇಜಿನಲ್ಲಿ ಇಟ್ಟರೆ ಎದುರಿಗೇ ಇರಬೇಕು, ಮರೆತರೆ ಹುಳಿ ಬಂದು ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಡಿಸೆಂಬರ್‌ನಲ್ಲಿ ಓವನ್ ಒಳಗಿನ ದೀಪ ಹಾಕಿ ಅದರೊಳಗೆ ಇಡಿ. ಬ್ರೆಡ್ಡು ತಟ್ಟೆಯಲ್ಲೇ ಒಣಗುತ್ತದೆ. ಅವಲಕ್ಕಿ, ಹಪ್ಪಳ ಮೆತ್ತಗಾಗುವುದೇ ಇಲ್ಲ.

ಸಂಡಿಗೆ ಹಾಕುವವರಿಗೆ ಇದು ಸ್ವರ್ಗ. ನಮ್ಮಮ್ಮ ಬಂದಿದ್ದಾಗ ಏಪ್ರಿಲ್‌ನ ಒಂದು ಬೆಳಗ್ಗೆ ಹಿತ್ತಲ ಮೇಜಿನ ಮೇಲೆ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟರು. ಊರಲ್ಲಾದರೆ ಮೂರು ದಿನ ಕಾಗೆ ಕಾಯಬೇಕು, ಮೋಡ ನೋಡಬೇಕು, ಒಳಗೆ ಹೊರಗೆ ಎತ್ತಿ ಇಡಬೇಕು. ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಪಂಚೆ ಎತ್ತಿದ ಕೂಡಲೇ ಸಂಡಿಗೆ ತಾವಾಗೇ ಬಿಟ್ಟುಕೊಂಡು ಗಲಗಲ ಅಂದವು. ಅಮ್ಮ ಒಂದನ್ನು ಮುರಿದು ನೋಡಿದರು, ಇನ್ನೊಂದನ್ನು ಮುರಿದರು. “ಇಷ್ಟು ಬಿಸಿಲನ್ನ ಸುಮ್ನೆ ಹಾಳು ಮಾಡ್ತಿದೀಯಲ್ಲೇ” ಅಂದರು. ಅವರು ಇದ್ದಷ್ಟು ದಿನ ನಮ್ಮ ಹಿತ್ತಲಲ್ಲಿ ಬಾಳಕದ ಮೆಣಸಿನಕಾಯಿ, ಅವಲಕ್ಕಿ ಸಂಡಿಗೆ ಏನಾದರೂ ಒಣಗುತ್ತಲೇ ಇತ್ತು. ಗಾಳಿ, ಧೂಳಿನ ಮುನ್ಸೂಚನೆ ಇಲ್ಲದ ದಿನ ಹಾಕಿ ಅಷ್ಟೇ.

ಗಿಡ ಬೆಳೆಯುತ್ತವಾ?

ಮಲ್ಲಿಗೆ ಬಹಳ ಚೆನ್ನಾಗಿ ಬರುತ್ತದೆ. ನುಗ್ಗೆ ಒಂದೇ ವರ್ಷಕ್ಕೆ ತಲೆಗಿಂತ ಮೇಲೆ ಹೋಗುತ್ತದೆ. ಕರಿಬೇವಿಗೆ ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಬೇಕು, ಜನವರಿಯ ಚಳಿ ರಾತ್ರಿಗಳಲ್ಲಿ ಕುಂಡವನ್ನು ಒಳಗೆ ತರಬೇಕು. ಬೇರೆ ರಾಜ್ಯದಿಂದ ಕರಿಬೇವಿನ ಸಸಿ ಹೊತ್ತು ತರಬೇಡಿ. ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ತರುವ ಕೀಟ ಅದರ ಮೇಲೂ ಬರುತ್ತದೆ. ಇಲ್ಲಿನ ನರ್ಸರಿಯಲ್ಲೇ ಕೊಳ್ಳಿ.

ನಮ್ಮ ಬೇಲಿಯ ಪಾಪಾಸುಕಳ್ಳಿಯ ತವರು ಅಮೆರಿಕ ಖಂಡ. ಅದರ ಬಂಧುಗಳು ಇಲ್ಲಿ ಗುಡ್ಡದ ತುಂಬ ಇವೆ. ಸಗುವಾರೋ ಅನ್ನುವ ಎತ್ತರದ ಕಳ್ಳಿಗೆ ಮೊದಲ ಕೈ ಮೂಡಲು 50ರಿಂದ 75 ವರ್ಷವಾದರೂ ಬೇಕು. ಮೇ, ಜೂನ್‌ನಲ್ಲಿ ಅದರ ತಲೆಯ ಮೇಲೆ ಬಿಳಿ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುದುಡುತ್ತದೆ. ಕಾನೂನಿನ ರಕ್ಷಣೆ ಇದೆ, ಕಡಿಯುವಂತಿಲ್ಲ. ಚೋಯಾ ಕಳ್ಳಿಯಿಂದ ದೂರ ಇರಿ, ಸೋಕಿದರೆ ಸಾಕು ಮುಳ್ಳಿನ ಉಂಡೆಯೇ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಬೇಡಿ, ಬಾಚಣಿಗೆ ತೂರಿಸಿ ಎಗರಿಸಿ.

ಅಪ್ಪ ಅಮ್ಮನನ್ನು ಯಾವಾಗ ಕರೆಸಿಕೊಳ್ಳಬೇಕು?

ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಒಳಗೆ. ಇಲ್ಲಿನ ಚಳಿಗಾಲ ಬೆಂಗಳೂರಿನ ಒಳ್ಳೆಯ ದಿನಗಳ ಹಾಗಿರುತ್ತದೆ. ಹಗಲು 20 ಡಿಗ್ರಿ ಆಸುಪಾಸು, ರಾತ್ರಿಗೆ ಸ್ವೆಟರ್, ಶಾಲು. ಎರಡೂವರೆ ತಾಸು ಉತ್ತರಕ್ಕೆ ಹೋದರೆ ಫ್ಲ್ಯಾಗ್‌ಸ್ಟಾಫ್, 7,000 ಅಡಿ ಎತ್ತರ, ಅಲ್ಲಿ ಹಿಮವನ್ನೂ ತೋರಿಸಬಹುದು.

ಮೊಮ್ಮಕ್ಕಳ ರಜೆ ಅಂತ ಜೂನ್‌ನಲ್ಲಿ ಕರೆಸುವವರು ಇದ್ದಾರೆ. ಪಾಪ, ಹಿರಿಯರು ಎರಡು ತಿಂಗಳು ಪರದೆ ಎಳೆದ ಮನೆಯಲ್ಲಿ ಟಿವಿ ನೋಡುತ್ತಾ ಕೂರುತ್ತಾರೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಮೈಯ ನೀರನ್ನು ಇನ್ನೂ ಹೊರಗೆ ಹಾಕುತ್ತವೆ, ಅವರ ಡಾಕ್ಟರನ್ನು ಮೊದಲೇ ಕೇಳಿಕೊಂಡು ಬರಲಿ. ಬೇಸಿಗೆಯಲ್ಲೇ ಬರಲೇಬೇಕಾದರೆ ವಾಕಿಂಗ್‌ಗೆ ಒಬ್ಬರನ್ನೇ ಕಳಿಸಬೇಡಿ.

ಶಾಲೆ, ಸಮಯ?

ಶಾಲೆ ಜುಲೈ ಕೊನೆ ಅಥವಾ ಆಗಸ್ಟ್ ಮೊದಲಲ್ಲೇ ಶುರು. ಅದಕ್ಕೆ ತಕ್ಕ ಹಾಗೆ ಬನ್ನಿ. ಅರಿಜೋನಾದಲ್ಲಿ, ನವಾಹೋ ಮೂಲನಿವಾಸಿಗಳ ನಾಡು ಬಿಟ್ಟರೆ, ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಭಾರತಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ಅಂತರ. ಇಲ್ಲಿ ಬೆಳಗ್ಗೆ 7 ಅಂದರೆ ಊರಲ್ಲಿ ರಾತ್ರಿ 7.30. ಅಮ್ಮನಿಗೆ ಫೋನ್ ಮಾಡುವಾಗ ಲೆಕ್ಕ ತಪ್ಪುವುದೇ ಇಲ್ಲ.

ನಮ್ಮವರು ಸಿಗುತ್ತಾರಾ?

ಸಿಗುತ್ತಾರೆ. ಅರಿಜೋನಾ ಕನ್ನಡ ಸಂಘ ಇದೆ. ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀ ವೆಂಕಟಕೃಷ್ಣ ಕ್ಷೇತ್ರ, ಮಾರಿಕೋಪಾ ಊರಲ್ಲಿ ಮಹಾಗಣಪತಿ ದೇವಸ್ಥಾನ ಇವೆ. ದೇವಸ್ಥಾನಕ್ಕೆ ಬೇಸಿಗೆಯಲ್ಲಿ ಹೋಗುವಾಗ ಕಾಲುಚೀಲ ಹಾಕಿಕೊಳ್ಳಿ. ಚಪ್ಪಲಿ ಬಿಟ್ಟ ಜಾಗದಿಂದ ಬಾಗಿಲವರೆಗಿನ ನಾಲ್ಕು ಹೆಜ್ಜೆಯೂ ಸುಡುತ್ತದೆ. ಹೊಸದಾಗಿ ಬಂದವರು ಮೊದಲ ಬೇಸಿಗೆ ಒಂಟಿಯಾಗಿ ಇರಬೇಡಿ. ಎಸಿ ಕೆಟ್ಟ ರಾತ್ರಿ ‘ನಮ್ಮನೆಗೆ ಬನ್ನಿ’ ಅನ್ನುವ ಎರಡು ಮನೆಗಳಾದರೂ ಪರಿಚಯ ಇರಲಿ.

ಮಳೆ ಇಲ್ಲದ ಊರಲ್ಲಿ ಮಲೆನಾಡಿನವರು ಹೇಗಿರುತ್ತೀರಿ?

ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಫೀನಿಕ್ಸ್‌ನಲ್ಲಿ ವರ್ಷಕ್ಕೆ 180ರ ಆಸುಪಾಸು. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲೂ ‘ಮಾನ್ಸೂನ್’ ಅನ್ನುತ್ತಾರೆ. ಮೊದಲ ವರ್ಷ ಆ ಮಾತು ಕೇಳಿಯೇ ನನಗೆ ಅಳು ಬಂದಿತ್ತು. ಜುಲೈ ಪೂರ್ತಿ ದಿನಾ ಸಂಜೆ ಪೂರ್ವದ ಬೆಟ್ಟಗಳ ಮೇಲೆ ಮೋಡ ಏಳುತ್ತಿತ್ತು, ಮಿಂಚುತ್ತಿತ್ತು, ಕರಗುತ್ತಿತ್ತು.

ಒಂದು ಸಂಜೆ ಗಾಳಿಯಲ್ಲಿ ಏನೋ ವಾಸನೆ ಬಂತು. ನಮ್ಮೂರಿನ ಹಸಿ ಮಣ್ಣಿನದಲ್ಲ. ಸ್ವಲ್ಪ ಕರ್ಪೂರ, ಸ್ವಲ್ಪ ಹೊಗೆ, ಸ್ವಲ್ಪ ಕಹಿ ಸೊಪ್ಪು ಜಜ್ಜಿದ ಹಾಗೆ. ಕ್ರಿಯೋಸೋಟ್ ಅನ್ನುವ ಕುರುಚಲು ಗಿಡದ್ದು. ಒದ್ದೆಯಾದರೆ ಅದರ ಎಲೆಯ ಅಂಟಿನಿಂದ ಆ ವಾಸನೆ ಏಳುತ್ತದೆ. ಎಲ್ಲೋ ದೂರದಲ್ಲಿ ಮಳೆ ಬಿದ್ದರೂ ಗಾಳಿ ಅದನ್ನು ಊರೊಳಗೆ ತಂದು ಹೇಳುತ್ತದೆ. ನಾನು ಹೊರಗೆ ಬಂದೆ. ಆಶ್ಚರ್ಯ ಅಂದರೆ ಬೀದಿಯವರೆಲ್ಲ ಹೊರಗೆ ಬಂದಿದ್ದರು. ಎದುರು ಮನೆಯ ಅಜ್ಜ ಕುರ್ಚಿ ತಂದು ಅಂಗಳದಲ್ಲಿ ಹಾಕಿಕೊಂಡರು. ದಪ್ಪ ಹನಿ ಬಿದ್ದವು, ಬಿಸಿ ಕಾಂಕ್ರೀಟಿನಿಂದ ಹಬೆ ಎದ್ದಿತು. ಹತ್ತೇ ನಿಮಿಷ. ಮಳೆ ನಿಂತರೂ ಯಾರೂ ಒಳಗೆ ಹೋಗಲಿಲ್ಲ.

ನಿಮಗೂ ಮಳೆ ಬೇಕು ಅನ್ನಿಸಿದಾಗ, ನಿಮ್ಮ ಅಂಗಳದಲ್ಲಿ ಕ್ರಿಯೋಸೋಟ್ ಇದ್ದರೆ ಒಂದು ಟೊಂಗೆ ಮುರಿದು ಸ್ನಾನದ ಕೋಣೆಯಲ್ಲಿ ಕಟ್ಟಿ, ಬಿಸಿನೀರು ಬಿಡಿ. ನಮ್ಮನೆ ಬಚ್ಚಲಲ್ಲಿ ಒಂದು ಯಾವಾಗಲೂ ನೇತಾಡುತ್ತಿರುತ್ತದೆ.